ತ್ರುಟಿತ ಓಲೆ, ತ್ರುಟಿತ ಸಂದೇಶ: ಬೇಹು ವಿಶ್ಲೇಷಕರ ಆಯ್ಕೆಯ ಇತಿಹಾಸದಿಂದ ಒಂದು ಅಧ್ಯಾಯ

ಬೇಹು ಎಂಬ ಮಾತು ಕನ್ನಡದಲ್ಲಿ ಹಳೆಯದು. ಬೇಹುಗಾರ, ಚರ, ಗೂಢಚಾರ, ಗೂಢಪುರುಷ ಎಂದು ಸುದ್ದಿಯನ್ನು ತರುವವನಿಗೆ ನಮ್ಮಲ್ಲಿ ಹೆಸರುಗಳು ಹೇರಳವಾಗಿವೆ. ಆದರೆ ಬಂದ ಸುದ್ದಿಯನ್ನು ಕುಳಿತು ಓದಿ, ಒಂದಕ್ಕೊಂದು ತಾಳೆ ನೋಡಿ, ಇದು ನಂಬತಕ್ಕದ್ದು, ಇದು ಅಲ್ಲ ಎಂದು ತೂಗಿ ಹೇಳುವವನಿಗೆ ಹೀಗೆ ಬಳಕೆಗೆ ಬಂದ ಹೆಸರಿಲ್ಲ. ‘ವಿಶ್ಲೇಷಕ’ ಎಂಬುದು ಈಚೆಗೆ ಟಂಕಿಸಿಕೊಂಡ ಮಾತು. ಹೆಸರಿಲ್ಲದಿರುವುದು ಕೆಲಸವೇ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ; ಆ ಕೆಲಸವನ್ನು ಅರಸನೋ ಮಂತ್ರಿಯೋ ತಾನೇ ಮಾಡಿಕೊಳ್ಳುತ್ತಿದ್ದನೆಂದಷ್ಟೇ ಅರ್ಥ.

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ನೇಮಕದ ವಿಚಾರ ವಿಸ್ತಾರವಾಗಿ ಬರುತ್ತದೆ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂದು ನೆಲೆನಿಂತವರು ಐದು ಬಗೆ. ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂದು ಸಂಚರಿಸುವವರು ನಾಲ್ಕು ಬಗೆ. ಇವರು ತಂದ ವರ್ತಮಾನವನ್ನು ತೂಗುವ ಬಗೆಗೆ ಮಾತ್ರ ಅಲ್ಲಿ ಸಿಗುವುದು ಒಂದು ಚಿಕ್ಕ ಸೂತ್ರ: ಮೂವರ ಮಾತು ಒಂದಾದರೆ ನಂಬಬಹುದು. ಈ ಸೂತ್ರವನ್ನು ಹಲವರು ಎತ್ತಿ ಆಡುತ್ತಾರೆ. ಆದರೆ ಅದರ ಜೊತೆಗೇ ಇರುವ, ಈ ಚರರಿಗೆ ಒಬ್ಬರ ಗುರುತು ಒಬ್ಬರಿಗೆ ಇರಕೂಡದೆಂಬ ಕಟ್ಟಳೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಆ ಕಟ್ಟಳೆಯಿಲ್ಲದೆ ಮೊದಲನೆಯ ಸೂತ್ರಕ್ಕೆ ಬೆಲೆಯಿಲ್ಲ. ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಮಾತೃಪ್ರತಿಯಿಂದ ನಕಲಾದ ಮೂರು ಓಲೆಗಳು ಒಂದೇ ಪಾಠವನ್ನು ಕೊಟ್ಟರೆ ನಮಗೆ ದೊರೆತದ್ದು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ.

ಸುದ್ದಿ ತರುವವನೂ ಸುದ್ದಿ ತೂಗುವವನೂ ಬೇರೆ ಬೇರೆ ಆಗಿ, ಎರಡನೆಯವನನ್ನು ಯಾವ ಗುಣಗಳನ್ನು ನೋಡಿ ಆರಿಸಬೇಕು ಎಂಬ ಪ್ರಶ್ನೆ ತೀವ್ರವಾಗಿ ಎದ್ದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್ ಎಂಬಲ್ಲಿ ನಡೆದ ಆಯ್ಕೆಯನ್ನು ಎತ್ತಿಕೊಂಡಿದ್ದೇನೆ. ಅಲ್ಲಿಯ ಕಥೆಯಲ್ಲಿ ಸಾಹಿತ್ಯದ, ಅದರಲ್ಲೂ ಪ್ರಾಚೀನ ಸಾಹಿತ್ಯದ, ವಿದ್ಯಾರ್ಥಿಗಳಿಗೆ ಸಂಬಂಧಪಟ್ಟ ಅಂಶಗಳು ಎದ್ದು ಕಾಣುತ್ತವೆ ಎಂಬುದೇ ಅದಕ್ಕೆ ಕಾರಣ.

1919ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಗೂಢಲಿಪಿ ಇಲಾಖೆ 1939ರ ಆಗಸ್ಟಿನಲ್ಲಿ ಲಂಡನ್ನಿನಿಂದ ಬಕಿಂಗ್‌ಹ್ಯಾಮ್‌ಷೈರಿನ ಈ ಹಳೆಯ ಬಂಗಲೆಗೆ ಸ್ಥಳಾಂತರಗೊಂಡಿತು. ಅದರ ಮುಖ್ಯಸ್ಥ ಅಲಸ್ಟೇರ್ ಡೆನಿಸ್ಟನ್ ಯುದ್ಧಕ್ಕೆ ಮೊದಲೇ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ಪರಿಚಿತರ ಮೂಲಕ ವಿಚಾರಿಸಿ, ಸಮಯ ಬಂದಾಗ ಕರೆಸಿಕೊಳ್ಳಬೇಕಾದವರ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದನು. ಯುದ್ಧ ಘೋಷಣೆಯ ದಿನವೇ ಅವನು ಬರೆದ ಪತ್ರವೊಂದರಲ್ಲಿ ಈ ಪಟ್ಟಿಯವರನ್ನು ಪ್ರೊಫೆಸರ್ ಜಾತಿಯವರು ಎಂಬರ್ಥದ ಮಾತಿನಿಂದ ಗುರುತಿಸಿದ್ದಾನೆ. ಅವರಿಗೆ ವರ್ಷಕ್ಕೆ 600 ಪೌಂಡ್ ಸಂಬಳವೆಂದು ಖಜಾನೆ ಒಪ್ಪಿತ್ತು. ಪಟ್ಟಿಯಲ್ಲಿ ಗ್ರೀಕ್, ಲ್ಯಾಟಿನ್, ಇತಿಹಾಸ, ಜರ್ಮನ್ ಬಲ್ಲವರು ಬಹಳ, ಗಣಿತಜ್ಞರು ಕಡಿಮೆ. ಈ ಒಲವಿನಲ್ಲಿ ದೋಷವೂ ಇತ್ತು. ಪೋಲೆಂಡ್ ಇದಕ್ಕೆ ಹತ್ತು ವರ್ಷ ಮೊದಲೇ, 1929ರಲ್ಲಿ, ಪೊಜ್ನಾನ್ ವಿಶ್ವವಿದ್ಯಾಲಯದ ಗಣಿತದ ವಿದ್ಯಾರ್ಥಿಗಳಿಗೆ ಗೂಢಲಿಪಿ ವಿದ್ಯೆಯ ತರಗತಿ ನಡೆಸಿ ಅವರಲ್ಲಿ ಮೂವರನ್ನು ಆರಿಸಿಕೊಂಡಿತ್ತು. ಅವರಲ್ಲೊಬ್ಬನಾದ ಮರಿಯನ್ ರೆಯೆವ್‌ಸ್ಕಿ 1932ರ ಕೊನೆಯಲ್ಲೇ ಜರ್ಮನಿಯ ಎನಿಗ್ಮಾ ಯಂತ್ರದ ಒಳರಚನೆಯನ್ನು ಗಣಿತದಿಂದ ಬಿಡಿಸಿದನು. ಪೊಜ್ನಾನನ್ನೇ ಏಕೆ ಆರಿಸಿದರು ಎಂಬುದು ಸ್ವಾರಸ್ಯದ ಸಂಗತಿ. ಆ ಪ್ರದೇಶ ಮೊದಲನೆಯ ಮಹಾಯುದ್ಧದ ಕೊನೆಯವರೆಗೆ ಜರ್ಮನ್ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿಯ ವಿದ್ಯಾರ್ಥಿಗಳಿಗೆ ಗಣಿತದ ಜೊತೆಗೆ ಜರ್ಮನ್ ಭಾಷೆಯೂ ಬಾಲ್ಯದಿಂದ ಬಂದಿತ್ತು. ಗಡಿನಾಡಿನ ಎರಡು ನುಡಿಯ ಬದುಕನ್ನು ಹೊರೆಯೆಂದು ಮಾತ್ರ ಕಾಣುವವರು ಇದನ್ನು ಗಮನಿಸಬಹುದು. 1939ರ ಜುಲೈಯಲ್ಲಿ ಪೋಲೆಂಡಿನವರು ತಮ್ಮ ಫಲಿತಗಳನ್ನು ಬ್ರಿಟಿಷರಿಗೆ ಒಪ್ಪಿಸಿದ ಮೇಲೆ ಬ್ಲೆಚ್‌ಲಿಯಲ್ಲಿಯೂ ಗಣಿತಜ್ಞರ ಸ್ಥಾನ ಭದ್ರವಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೂಢಲಿಪಿಯನ್ನು ಒಡೆಯುವುದು ಒಂದು ಕೆಲಸ. ಒಡೆದ ಮೇಲೆ ಹೊರಬಿದ್ದದ್ದರ ಅರ್ಥವನ್ನು ನಿರ್ಣಯಿಸುವುದು ಇನ್ನೊಂದು. ಬ್ಲೆಚ್‌ಲಿಯ ಆವರಣದಲ್ಲಿ ‘ಹಟ್’ ಎಂದು ಕರೆಯುತ್ತಿದ್ದ ಮರದ ಕಟ್ಟಡಗಳಲ್ಲಿ ಈ ಕೆಲಸಗಳು ಹಂಚಿಹೋಗಿದ್ದವು. ಜರ್ಮನಿಯ ಭೂಸೇನೆ ಮತ್ತು ವಾಯುಸೇನೆಗಳ ಸಂದೇಶಗಳನ್ನು 6ನೆಯ ಹಟ್ಟಿನವರು ಒಡೆದರೆ 3ನೆಯ ಹಟ್ಟಿನವರು ಓದಿ, ತಿದ್ದಿ, ಅನುವಾದಿಸಿ, ತೂಗಿ, ಸೇನಾನಾಯಕರಿಗೆ ಕಳುಹಿಸುತ್ತಿದ್ದರು. ಜನಪ್ರಿಯ ಪುಸ್ತಕಗಳು ಒಡೆದವರನ್ನು ಕೊಂಡಾಡುತ್ತವೆ. ನಮ್ಮ ವಿಷಯ ಎರಡನೆಯವರದು.

3ನೆಯ ಹಟ್ಟಿಗೆ ಬರುತ್ತಿದ್ದ ಪಠ್ಯ ಎಂಥದು? ಆಕಾಶದಲ್ಲಿ ಹಾದುಬಂದ ಮೋರ್ಸ್ ಸದ್ದನ್ನು ಯಾರೋ ದೂರದಲ್ಲಿ ಕಿವಿಗೊಟ್ಟು ಬರೆದುಕೊಂಡಿರುತ್ತಿದ್ದರು. ಗಾಳಿಮಳೆಯ ಗದ್ದಲದಲ್ಲಿ ಅಕ್ಷರಗಳು ಬಿಟ್ಟುಹೋಗಿರುತ್ತಿದ್ದವು, ಒಂದರ ಬದಲು ಇನ್ನೊಂದು ಬಿದ್ದಿರುತ್ತಿತ್ತು, ಪದಗಳ ನಡುವೆ ಅಂತರವಿರುತ್ತಿರಲಿಲ್ಲ, ಸೈನಿಕ ಸಂಕ್ಷೇಪಗಳು ದಟ್ಟವಾಗಿರುತ್ತಿದ್ದವು. ಒಂದು ಹಳೆಯ ತಾಳೆಯೋಲೆಯನ್ನು ಬಣ್ಣಿಸಿದಂತೆಯೇ ಇದೆ. ಪದವಿಭಾಗವಿಲ್ಲದ ಸಾಲು, ನುಸಿ ತಿಂದ ಅಂಚು, ಲಿಪಿಕಾರನ ಕಣ್ಣು ಜಾರಿ ಬಿಟ್ಟುಹೋದ ಪಂಕ್ತಿ, ಎಕಾರ ಏಕಾರಗಳಿಗೆ ಭೇದ ತೋರದ ಬರಹ ಇವೆಲ್ಲವುಗಳೊಡನೆ ಗ್ರಂಥಸಂಪಾದಕನು ಹೆಣಗುವುದೂ ಹೀಗೆಯೇ. ಬಿಟ್ಟುಹೋದ ಅಕ್ಷರವನ್ನು ಊಹಿಸುವ ಮುನ್ನ ಅವನು ಕೇಳಿಕೊಳ್ಳುವ ಪ್ರಶ್ನೆಗಳನ್ನೇ ಅವರೂ ಕೇಳಿಕೊಂಡರು. ಈ ಬರಹಗಾರನ ವಾಡಿಕೆಯೇನು? ಈ ಬಗೆಯ ಬರಹದಲ್ಲಿ ಈ ಸ್ಥಾನದಲ್ಲಿ ಸಾಮಾನ್ಯವಾಗಿ ಏನು ಬರುತ್ತದೆ? ತಪ್ಪು ನಡೆದದ್ದು ಯಾವ ಹಂತದಲ್ಲಿ?

ಈ ಹೋಲಿಕೆ ನನ್ನ ಕಲ್ಪನೆಯ ಅಲಂಕಾರವಲ್ಲ. ಅಲ್ಲಿಯ ಹಿರಿಯ ಗೂಢಲಿಪಿಜ್ಞನಾಗಿದ್ದ ಡಿಲಿ ನಾಕ್ಸ್, ಹೆರೋಡಾಸ್ ಎಂಬ ಗ್ರೀಕ್ ಕವಿಯ ಚೂರುಚೂರಾದ ಪಪೈರಸ್ ಪಾಠವನ್ನು ಕೂಡಿಸಿ, ವಾಲ್ಟರ್ ಹೆಡ್ಲಮ್ ಅರ್ಧಕ್ಕೆ ಬಿಟ್ಟಿದ್ದ ಆವೃತ್ತಿಯನ್ನು 1922ರಲ್ಲಿ ಪೂರ್ತಿಗೊಳಿಸಿದ್ದವನು. 3ನೆಯ ಹಟ್ಟಿನಲ್ಲಿ ಆರಂಭದಿಂದ ಇದ್ದ ಎಫ್.ಎಲ್. ಲೂಕಸ್, ಜಾನ್ ವೆಬ್‌ಸ್ಟರನ ನಾಟಕಗಳನ್ನು 1927ರಲ್ಲಿ ಸಂಪಾದಿಸಿ ಪ್ರಕಟಿಸಿದ್ದ ಕೇಂಬ್ರಿಜ್ಜಿನ ಸಾಹಿತ್ಯ ವಿಮರ್ಶಕ. ಇಂಥವರನ್ನು ಆರಿಸಿದ್ದು ಅವರಿಗೆ ಯುದ್ಧಶಾಸ್ತ್ರ ಗೊತ್ತಿತ್ತೆಂದಲ್ಲ. ಕೆಟ್ಟ ಪಾಠದ ಮುಂದೆ ತಾಳ್ಮೆಗೆಡದೆ ಕುಳಿತುಕೊಳ್ಳುವುದೂ, ತಮ್ಮ ಊಹೆಯನ್ನು ಮೂಲದೊಳಗೆ ಸದ್ದಿಲ್ಲದೆ ಸೇರಿಸದಿರುವುದೂ ಅವರಿಗೆ ವೃತ್ತಿಯಿಂದ ಬಂದ ಅಭ್ಯಾಸಗಳಾಗಿದ್ದವು. ಎರಡನೆಯ ಅಭ್ಯಾಸಕ್ಕೆ ಅಲ್ಲಿ ಒಂದು ಶಾಸ್ತ್ರೀಯ ರೂಪವೇ ಬಂದಿತು. ಸಂದೇಶದಲ್ಲಿ ಅಳಿಸಿದ್ದ ಮಾತನ್ನು ತುಂಬಿದಾಗ ಆ ತುಂಬಿಕೆ ಎಷ್ಟು ಗಟ್ಟಿ ಎಂಬುದನ್ನು ಪ್ರಬಲ, ಸಾಧಾರಣ, ಅಲ್ಪ ಎಂಬ ಮೂರು ದರ್ಜೆಗಳಲ್ಲಿ ಸೂಚಿಸಬೇಕಾಗಿತ್ತು. ತಮ್ಮ ವ್ಯಾಖ್ಯಾನವನ್ನು ‘ಟಿಪ್ಪಣಿ’ ಎಂದು ಹೆಸರಿಟ್ಟು ಮೂಲದಿಂದ ಬೇರ್ಪಡಿಸಬೇಕಾಗಿತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದವರಿಗೆ ಈ ಶಿಸ್ತು ಪರಿಚಿತವೇ. ಊಹಾಪಾಠಕ್ಕೆ ಕಂಸವಿಡದ ಸಂಪಾದಕನನ್ನು ನಾವು ಏನೆಂದು ಕರೆಯುತ್ತೇವೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಇರುವುದನ್ನು ಓದುವ ಶಕ್ತಿಯ ಜೊತೆಗೆ ಇಲ್ಲದಿರುವುದನ್ನು ಕಾಣುವ ಶಕ್ತಿಯೊಂದಿದೆ. ಮೇವಿಸ್ ಲಿವರ್ ಎಂಬ ತರುಣಿ ಲಂಡನ್ನಿನಲ್ಲಿ ಜರ್ಮನ್ ಸಾಹಿತ್ಯ ಓದುತ್ತಿದ್ದಾಗ, 1940ರಲ್ಲಿ, ನಾಕ್ಸನ ತಂಡವನ್ನು ಸೇರಿದಳು. ಇಟಲಿಯ ನೌಕಾಪಡೆಯ ಉದ್ದವಾದ ಗೂಢಸಂದೇಶವೊಂದನ್ನು ಕೈಗೆತ್ತಿಕೊಂಡಾಗ ಅದರಲ್ಲಿ ‘ಎಲ್’ ಎಂಬ ಅಕ್ಷರ ಒಮ್ಮೆಯೂ ಬಂದಿಲ್ಲವೆಂಬುದು ಅವಳ ಕಣ್ಣಿಗೆ ಬಿತ್ತು. ಎನಿಗ್ಮಾ ಯಂತ್ರದಲ್ಲಿ ಯಾವ ಅಕ್ಷರವೂ ತನ್ನ ಬದಲಿಗೆ ತಾನೇ ಬರಲಾರದು. ಹಾಗಾದರೆ ಕಳುಹಿಸಿದವನು ಪರೀಕ್ಷಾರ್ಥವಾಗಿ ಬೇಸರದಿಂದ ‘ಎಲ್’ ಒಂದನ್ನೇ ಒತ್ತುತ್ತ ಕುಳಿತಿದ್ದಿರಬೇಕು. ಈ ಒಂದು ಅಭಾವದಿಂದ ಯಂತ್ರದ ಚಕ್ರವೊಂದರ ತಂತಿಗಳ ಜೋಡಣೆ ಹೊರಬಿದ್ದಿತು. ಇದು ಒಡೆಯುವವರ ಕಡೆಯ ಉದಾಹರಣೆಯಾದರೂ ಗುಣ ಎರಡೂ ಕಡೆಗೆ ಸಮಾನ. ಕನ್ನಡದ ಪದ್ಯಪಾಠವನ್ನು ತಿದ್ದುವವರಿಗೆ ಆದಿಪ್ರಾಸ ಮಾಡಿಕೊಡುವ ಉಪಕಾರ ಇದನ್ನೇ ಹೋಲುತ್ತದೆ. ಎರಡನೆಯ ಅಕ್ಷರ ಅಳಿಸಿಹೋದರೂ ಉಳಿದ ಪಾದಗಳು ಅಲ್ಲಿ ಏನು ಬರಲಾರದೆಂಬುದನ್ನು ಹೇಳುತ್ತವೆ. ಬರಲಾರದ್ದನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಬರಬಹುದಾದದ್ದು ಉಳಿಯುತ್ತದೆ.

ಹ್ಯಾರಿ ಹಿನ್‌ಸ್ಲಿಯ ಪ್ರಸಂಗ ಇನ್ನೂ ಮುಖ್ಯವಾದದ್ದು. ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇತಿಹಾಸದ ವಿದ್ಯಾರ್ಥಿಯಾಗಿದ್ದ ಇವನನ್ನು 1939ರ ಕೊನೆಯಲ್ಲಿ ಆರಿಸಿಕೊಂಡರು. ಪದವಿ ಇನ್ನೂ ಮುಗಿದಿರಲಿಲ್ಲ. ಅವನಿಗೆ ಕೊಟ್ಟ ಕೆಲಸ ಜರ್ಮನ್ ನೌಕಾಪಡೆಯ ನಿಸ್ತಂತು ಸಂಚಾರದ ವೀಕ್ಷಣೆ. 1940ರ ಮಧ್ಯದಲ್ಲಿ ಆ ಸಂದೇಶಗಳ ಒಳಗಿನ ಮಾತು ಓದಲು ಸಿಗುತ್ತಿರಲಿಲ್ಲ. ಯಾವ ಕೇಂದ್ರದಿಂದ ಯಾವ ಕೇಂದ್ರಕ್ಕೆ, ಯಾವ ಕಂಪನಾಂಕದಲ್ಲಿ, ದಿನಕ್ಕೆ ಎಷ್ಟು ಎಂಬುದಷ್ಟೇ ಕೈಗೆ ಸಿಗುತ್ತಿದ್ದದ್ದು. ಲಕೋಟೆ ತೆರೆಯದೆ ಮೇಲಿನ ಮುದ್ರೆಗಳನ್ನು ಮಾತ್ರ ನೋಡಿ ಊರಿನ ಸಂಗತಿಗಳನ್ನು ಅರಿತಂತೆ. ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ಈ ಸಂಚಾರದ ಮಾದರಿ ಬದಲಾದದ್ದನ್ನು ಅವನು ಕಂಡನು. ಬಾಲ್ಟಿಕ್ ಸಮುದ್ರದಿಂದ ದೊಡ್ಡ ಹಡಗುಗಳು ನಾರ್ವೆಯ ಕಡೆಗೆ ಹೊರಡಲಿವೆ ಎಂದು ನಿರ್ಣಯಿಸಿ ನೌಕಾ ಕಚೇರಿಗೆ ದೂರವಾಣಿಯಲ್ಲಿ ತಿಳಿಸಿದನು. ಇಪ್ಪತ್ತೊಂದರ ವಯಸ್ಸಿನ, ಸಮವಸ್ತ್ರವಿಲ್ಲದ, ಹಡಗನ್ನೇರದ ಹುಡುಗನ ಮಾತಿಗೆ ಅಲ್ಲಿ ಬೆಲೆ ಬರಲಿಲ್ಲ. ಜೂನ್ 8ರಂದು ಷಾರ್ನ್‌ಹೋರ್ಸ್ಟ್, ಗ್ನೈಸೆನೌ ಎಂಬ ಜರ್ಮನ್ ಯುದ್ಧನೌಕೆಗಳು ನಾರ್ವೆಯ ಕಡಲಲ್ಲಿ ಗ್ಲೋರಿಯಸ್ ಎಂಬ ವಿಮಾನವಾಹಕವನ್ನೂ ಜೊತೆಗಿದ್ದ ಅಕಾಸ್ಟಾ, ಆರ್ಡೆಂಟ್ ಎಂಬ ಎರಡು ಹಡಗುಗಳನ್ನೂ ಮುಳುಗಿಸಿದವು. ಸತ್ತವರು 1500ಕ್ಕೂ ಹೆಚ್ಚು.

ಆಮೇಲೆ ನೌಕಾ ಕಚೇರಿ ಹಿನ್‌ಸ್ಲಿಯನ್ನು ಕರೆಸಿಕೊಂಡು ಅವನ ವಿಧಾನವನ್ನು ಕೇಳಿತು. ಸ್ಕಾಪಾ ಫ್ಲೋದ ನೌಕಾನೆಲೆಗೂ ಕಳುಹಿಸಿಕೊಟ್ಟಿತು. 1941ರ ಮೇ ತಿಂಗಳಲ್ಲಿ ಬಿಸ್ಮಾರ್ಕ್ ನೌಕೆಯನ್ನು ಬೆನ್ನಟ್ಟುತ್ತಿದ್ದಾಗ, ಅದರ ನಿಸ್ತಂತು ನಿಯಂತ್ರಣ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್ನಿನಿಂದ ಪ್ಯಾರಿಸಿಗೆ ಬದಲಾದುದನ್ನು ನೋಡಿ, ಅದು ಫ್ರಾನ್ಸಿನ ಬಂದರಿನತ್ತ ಹೊರಟಿದೆ ಎಂದು ಅವನು ಹೇಳಿದ್ದು ನಿಜವಾಯಿತು. ಜರ್ಮನಿಯ ಹವಾಮಾನ ವೀಕ್ಷಣೆಯ ಸಣ್ಣ ಹಡಗುಗಳಲ್ಲಿಯೂ ಎನಿಗ್ಮಾದ ಕೀಲಿಪಟ್ಟಿಗಳಿರಬೇಕು, ತಿಂಗಳುಗಟ್ಟಲೆ ಕಡಲಲ್ಲಿರುವುದರಿಂದ ಮುಂದಿನ ತಿಂಗಳದ್ದೂ ಇರಬೇಕು ಎಂದು ತರ್ಕಿಸಿದವನೂ ಅವನೇ. ಅದೇ ಮೇ 7ರಂದು ಹಿಡಿದ ಮ್ಯೂನ್ಷೆನ್ ಎಂಬ ಹಡಗಿನಲ್ಲಿ ಅವು ದೊರೆತವು. ಹಿನ್‌ಸ್ಲಿ ಮುಂದೆ ಬ್ರಿಟಿಷ್ ಬೇಹಿನ ಅಧಿಕೃತ ಇತಿಹಾಸವನ್ನು ಬರೆದನು. ಗ್ಲೋರಿಯಸ್ ಪ್ರಸಂಗದಲ್ಲಿ ಅವನಲ್ಲಿ ಯಾವ ಗುಣದ ಕೊರತೆಯೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕೊರತೆಯಿದ್ದದ್ದು ದೂರವಾಣಿಯ ಆಚೆ ತುದಿಯಲ್ಲಿ. ವಿಶ್ಲೇಷಕನನ್ನು ಆರಿಸುವವರು ಅವನ ಮಾತನ್ನು ಕೇಳುವವರನ್ನೂ ಆರಿಸದಿದ್ದರೆ ಆಯ್ಕೆ ಅರ್ಧದಲ್ಲೇ ನಿಂತಂತೆ.

ಪದಬಂಧದ ಕಥೆ ಎಲ್ಲರಿಗೂ ಗೊತ್ತು. 1942ರ ಜನವರಿಯಲ್ಲಿ ಡೇಲಿ ಟೆಲಿಗ್ರಾಫ್ ಪತ್ರಿಕೆಯ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ನಡೆದು, ಭಾಗವಹಿಸಿದ ಕೆಲವರಿಗೆ ಯುದ್ಧ ಕಚೇರಿಯಿಂದ ಕರೆ ಹೋಯಿತು. ಇದಕ್ಕೆ ಕೊಡುತ್ತ ಬಂದಿರುವ ಮಹತ್ವ ಅತಿಯೆಂದೇ ನನ್ನ ಅಭಿಪ್ರಾಯ. ಜಾಣತನದ ಪರೀಕ್ಷೆಯಿಂದ ಜಾಣರು ಸಿಗುತ್ತಾರೆ. ಆದರೆ 3ನೆಯ ಹಟ್ಟಿನ ಬೆನ್ನೆಲುಬಾಗಿದ್ದದ್ದು ಕಾರ್ಡುಗಳ ಸೂಚಿ. ಪ್ರತಿಯೊಂದು ಸಂದೇಶದಲ್ಲಿ ಬಂದ ಅಧಿಕಾರಿ, ತುಕಡಿ, ಊರು, ಉಪಕರಣದ ಹೆಸರುಗಳನ್ನು ಹಗಲುರಾತ್ರಿ ಪಾಳಿಗಳಲ್ಲಿ ಬರೆದಿಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಯುದ್ಧದ ಕೊನೆಗೆ ಬ್ಲೆಚ್‌ಲಿಯ ಸುಮಾರು ಒಂಬತ್ತು ಸಾವಿರ ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲು ಅವರೇ. ಹಿಂದೆಂದೋ ಒಮ್ಮೆ ಬಂದಿದ್ದ ಹೆಸರನ್ನು ಕ್ಷಣದಲ್ಲಿ ತೆಗೆದುಕೊಡುವ ಆ ಸೂಚಿಯಿಲ್ಲದೆ ಲೂಕಸನ ಪಾಂಡಿತ್ಯ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತಿತ್ತು. ನಮ್ಮಲ್ಲಿ ಪದಸೂಚಿ ಮಾಡುವವರಿಗೆ ಸಿಗುವ ಗೌರವವನ್ನು ನೋಡಿದರೆ ಈ ಪಾಠವನ್ನು ನಾವೂ ಕಲಿತಿಲ್ಲ.

ಇನ್ನು ಬರವಣಿಗೆಯ ವಿಚಾರ. ಯುದ್ಧಕಾಲದಲ್ಲಿ ಅಮೆರಿಕದ ಬೇಹು ಸಂಸ್ಥೆಯ ಸಂಶೋಧನ ವಿಭಾಗದಲ್ಲಿದ್ದ ಷರ್ಮನ್ ಕೆಂಟ್, ಯೇಲ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿನ ಇತಿಹಾಸ ಕಲಿಸುತ್ತಿದ್ದವನು. 1951ರಲ್ಲಿ ಅವನಿದ್ದ ಕಚೇರಿ ಒಂದು ಅಂದಾಜನ್ನು ಹೊರಡಿಸಿ, ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿಯಾಗುವುದನ್ನು ಗಂಭೀರ ಸಾಧ್ಯತೆಯೆಂದು ಪರಿಗಣಿಸಬೇಕೆಂದಿತು. ಹಾಗೆಂದರೆ ಎಷ್ಟು ಎಂದು ವಿದೇಶಾಂಗ ಕಚೇರಿಯ ಅಧಿಕಾರಿಯೊಬ್ಬನು ಕೇಳಿದಾಗ ಕೆಂಟ್, ಆಗುವ ಕಡೆಗೆ 65, ಆಗದ ಕಡೆಗೆ 35 ಎಂದನು. ಕೇಳಿದವನು ಬೆಚ್ಚಿದನು; ಅವನು ಅದನ್ನು ತುಂಬ ಕಡಿಮೆಯೆಂದು ಓದಿಕೊಂಡಿದ್ದನು. ಕೆಂಟ್ ಹಿಂದಿರುಗಿ, ಆ ವಾಕ್ಯಕ್ಕೆ ಒಪ್ಪಿಗೆಯಿತ್ತಿದ್ದ ತನ್ನ ಸಹೋದ್ಯೋಗಿಗಳನ್ನೇ ವಿಚಾರಿಸಿದರೆ ಅವರ ಮನಸ್ಸಿನಲ್ಲಿದ್ದ ಅಂಕಿಗಳು 20ರಿಂದ 80ರವರೆಗೆ ಚೆಲ್ಲಿಕೊಂಡಿದ್ದವು. ಒಂದೇ ವಾಕ್ಯಕ್ಕೆ ಎಲ್ಲರೂ ಒಪ್ಪಿದ್ದರು, ಒಬ್ಬೊಬ್ಬರೂ ಒಂದೊಂದು ಅರ್ಥದಲ್ಲಿ. 1964ರ ಲೇಖನವೊಂದರಲ್ಲಿ ಅವನು ಇದನ್ನು ವಿವರಿಸಿ, ಸಂಭಾವ್ಯತೆಯ ಪ್ರತಿಯೊಂದು ಮಾತಿಗೂ ಒಂದು ಅಂಕಿಯ ಮಿತಿಯನ್ನು ಸೂಚಿಸಿದನು. ಇದನ್ನು ಒಪ್ಪದ ಸಹೋದ್ಯೋಗಿಗಳನ್ನು ಅವನು ‘ಕವಿಗಳು’ ಎಂದು ಕರೆದನು. ಕಾವ್ಯ ಪಾಠ ಮಾಡಿಯೇ ಬದುಕಿದ ನಾನು ಈ ಜಗಳದಲ್ಲಿ ಕವಿಗಳ ಪಕ್ಷ ವಹಿಸಲಾರೆ.

ಏಕೆಂದರೆ ಕನ್ನಡದಲ್ಲಿ ಈ ವಿವೇಚನೆಗೆ ಬೇಕಾದ ಸಾಮಗ್ರಿ ವ್ಯಾಕರಣದಲ್ಲೇ ಇದೆ. ಬರುತ್ತಾನೆ, ಬರಬಹುದು, ಬಂದಾನು ಎಂಬ ಮೂರು ರೂಪಗಳಲ್ಲಿ ನಿಶ್ಚಯ ಇಳಿಯುತ್ತ ಹೋಗುವುದನ್ನು ಯಾವ ಕನ್ನಡಿಗನಾದರೂ ಕಿವಿಯಿಂದಲೇ ಗುರುತಿಸುತ್ತಾನೆ. ಸಂಭಾವನಾರ್ಥಕ್ಕೆಂದೇ ಪ್ರತ್ಯೇಕ ಕ್ರಿಯಾರೂಪವಿರುವ ಭಾಷೆ ನಮ್ಮದು. ಹೀಗಿದ್ದೂ ನಮ್ಮ ಸಂಶೋಧನ ಲೇಖನಗಳಲ್ಲಿ ಮೊದಲ ಪುಟದ ‘ಇದ್ದೀತು’ ಮೂರನೆಯ ಪುಟದಲ್ಲಿ ‘ಇರಬಹುದು’ ಆಗಿ, ಕೊನೆಯ ಪುಟದಲ್ಲಿ ‘ಇದೆ’ ಎಂದು ನಿಲ್ಲುವುದನ್ನು ಎಷ್ಟು ಬಾರಿ ಕಂಡಿಲ್ಲ! ವಡ್ಡಾರಾಧನೆಯ ಕರ್ತೃವಿನ ಹೆಸರಿನ ಚರ್ಚೆ ಒಂದೇ ಸಾಕು. ನೇಮಕದ ಸಂದರ್ಶನದಲ್ಲಿ ಅಭ್ಯರ್ಥಿಗೆ ಒಂದು ಪುಟ ಬರೆಸಿ ಅವನ ಕ್ರಿಯಾಪದಗಳನ್ನು ಮಾತ್ರ ಪರೀಕ್ಷಿಸಿದರೂ ಅರ್ಧ ಕೆಲಸ ಮುಗಿಯುತ್ತದೆ.

ಈ ಗುಣಗಳೆಲ್ಲ ಇದ್ದವರೂ ಎಡವಿದ್ದಾರೆ. 1944ರ ಡಿಸೆಂಬರ್ 16ರಂದು ಜರ್ಮನ್ ಸೇನೆ ಆರ್ಡೆನ್ಸ್ ಕಾಡಿನಲ್ಲಿ ಮೇಲೆಬಿದ್ದಾಗ ಮಿತ್ರರಾಷ್ಟ್ರಗಳ ಸೇನೆ ಸಿದ್ಧವಾಗಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ಲೂಕಸ್ ಮತ್ತು ಪೀಟರ್ ಕಾಲ್ವೊಕೊರೆಸಿ, ಅದಕ್ಕೆ ಮುಂಚೆ ತಮ್ಮ ಕೈಗೆ ಬಂದಿದ್ದ ಸಂದೇಶಗಳನ್ನು ಮತ್ತೆ ಓದಿ ಒಂದು ವರದಿ ಸಿದ್ಧಪಡಿಸಿದರು. ರೈಲುಗಳ ಸಂಚಾರ, ಯುದ್ಧವಿಮಾನಗಳ ಜಮಾವಣೆ, ಒಂದೇ ಪ್ರದೇಶದ ವೈಮಾನಿಕ ವೀಕ್ಷಣೆಗೆ ಮತ್ತೆ ಮತ್ತೆ ಬಂದ ಬೇಡಿಕೆ, ಎಲ್ಲವೂ ಅಲ್ಲಿದ್ದವು. ಜರ್ಮನಿ ಸೋತುಹೋಗಿದೆ, ಇನ್ನು ಮೇಲೆಬೀಳಲಾರದು ಎಂಬ ಪೂರ್ವನಿರ್ಣಯ ಅವುಗಳ ಅರ್ಥವನ್ನು ಬೇರೆ ಮಾಡಿತ್ತು. ತಾನು ಇಷ್ಟಪಟ್ಟು ಕಟ್ಟಿದ ಸಿದ್ಧಾಂತವನ್ನು ತಾನೇ ವಿರೋಧಪಕ್ಷದಲ್ಲಿ ನಿಂತು ಪರೀಕ್ಷಿಸುವ ಗುಣ ಉಳಿದವೆಲ್ಲಕ್ಕಿಂತ ವಿರಳ. ಪೂರ್ವಪಕ್ಷವನ್ನು ಪೂರ್ಣಶಕ್ತಿಯಿಂದ ಮಂಡಿಸಿದ ಬಳಿಕವೇ ಸಿದ್ಧಾಂತ ಎಂಬ ನಮ್ಮ ಶಾಸ್ತ್ರಗ್ರಂಥಗಳ ಕ್ರಮ ಇದಕ್ಕೆ ಒಳ್ಳೆಯ ವ್ಯಾಯಾಮ. ಕೆಂಟನೂ ಇದರಿಂದ ಹೊರತಾಗಿರಲಿಲ್ಲ. 1962ರ ಸೆಪ್ಟೆಂಬರ್ 19ರಂದು ಅವನ ಕಚೇರಿ, ರಷ್ಯದವರು ಕ್ಯೂಬಾದಲ್ಲಿ ಕ್ಷಿಪಣಿಗಳನ್ನು ಇಡುವ ಸಂಭವ ಕಡಿಮೆಯೆಂದು ಹೇಳಿತು. ಅಕ್ಟೋಬರ್ 14ರಂದು ತೆಗೆದ ವಿಮಾನ ಛಾಯಾಚಿತ್ರಗಳಲ್ಲಿ ಅವು ಕಂಡವು.

ಕಾಲ್ವೊಕೊರೆಸಿಯ ಬಗೆಗೆ ಒಂದು ಮಾತು. 1912ರಲ್ಲಿ ಕರಾಚಿಯಲ್ಲಿ ಹುಟ್ಟಿದ ಈ ಗ್ರೀಕ್ ಮನೆತನದವನನ್ನು ಯುದ್ಧದ ಆರಂಭದಲ್ಲಿ ಸೇನೆಯ ಆಯ್ಕೆ ಮಂಡಳಿ ಬೇಹಿಗೂ ಕೂಡ ಪ್ರಯೋಜನವಿಲ್ಲವೆಂಬರ್ಥದ ಷರಾ ಬರೆದು ತಿರಸ್ಕರಿಸಿತ್ತು. ಆಯ್ಕೆಯ ಮಂಡಳಿಗಳಲ್ಲಿ ಕುಳಿತುಕೊಳ್ಳುವ ನಮ್ಮಂಥವರು ಇದನ್ನು ಬರೆದಿಟ್ಟುಕೊಳ್ಳತಕ್ಕದ್ದು.

ಜಪಾನ್ ಯುದ್ಧಕ್ಕಿಳಿದ ಮೇಲೆ ಜಪಾನೀ ಬಲ್ಲವರ ಅಭಾವ ತಲೆದೋರಿತು. ಆ ಭಾಷೆಯನ್ನು ಕಲಿಸಲು ಕನಿಷ್ಠ ಎರಡು ವರ್ಷ ಬೇಕೆಂದು ಲಂಡನ್ನಿನ ಪೌರ್ವಾತ್ಯ ಅಧ್ಯಯನ ಶಾಲೆಯವರು ಹೇಳಿದರು. ಜಾನ್ ಟಿಲ್ಟ್‌ಮನ್ ಎಂಬ ಸೇನಾಧಿಕಾರಿ ಒಪ್ಪಲಿಲ್ಲ. ಅವನು 1942ರ ಫೆಬ್ರವರಿಯಲ್ಲಿ ಬೆಡ್‌ಫರ್ಡ್ ಎಂಬ ಊರಿನಲ್ಲಿ ಆರು ತಿಂಗಳ ತರಗತಿಯನ್ನು ಆರಂಭಿಸಿದನು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಓದುತ್ತಿದ್ದ ಹುಡುಗರು. ಗುರು, ನೌಕಾಪಡೆಯಿಂದ ನಿವೃತ್ತನಾಗಿದ್ದ, ಜಪಾನೀ ಭಾಷೆಯನ್ನು ಬಹುಮಟ್ಟಿಗೆ ತಾನಾಗಿಯೇ ಕಲಿತಿದ್ದ, ಅರವತ್ತು ದಾಟಿದ ಆಸ್ವಲ್ಡ್ ಟಕ್. ಮಾತನಾಡಲು ಬಾರದ ಭಾಷೆಯನ್ನು ಬರಹದಿಂದಲೇ, ವ್ಯಾಕರಣದ ಬಲದಿಂದಲೇ ಓದುವುದು ಆ ಹುಡುಗರಿಗೆ ಹೊಸದಲ್ಲ; ಸತ್ತ ಭಾಷೆಗಳನ್ನು ಓದಿದವರೆಲ್ಲ ಅದನ್ನೇ ಮಾಡುವುದು. ಹಳಗನ್ನಡದ ತರಗತಿಯಿಂದ ಏನು ಪ್ರಯೋಜನವೆಂದು ಹೊರನಾಡಿನ ನಮ್ಮ ವಿಭಾಗಗಳಲ್ಲಿ ಪಠ್ಯಕ್ರಮ ಸಮಿತಿ ಸೇರಿದಾಗಲೆಲ್ಲ ಕೇಳಿಬರುವ ಪ್ರಶ್ನೆಗೆ ಉತ್ತರ ಹುಡುಕುವವರು ಈ ತರಗತಿಯ ವೃತ್ತಾಂತವನ್ನು ಓದಬೇಕು. ಆರು ತಿಂಗಳು ಸಾಕಾಯಿತು. ಯುದ್ಧ ಮುಗಿಯುವವರೆಗೂ ತಂಡದ ಮೇಲೆ ತಂಡ ಅಲ್ಲಿ ತಯಾರಾಯಿತು.

ಅವರಲ್ಲಿ ಹಲವರು ಬಂದದ್ದು ನಮ್ಮ ದೇಶಕ್ಕೆ. ದೆಹಲಿಯ ಆನಂದ ಪರ್ಬತದ ಮೇಲೆ ಅಂದು ರಾಮಜಸ್ ಕಾಲೇಜು ಇದ್ದ ಕಟ್ಟಡಗಳಲ್ಲಿ ‘ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್’ ಎಂಬ ನಿರುಪದ್ರವಿ ಹೆಸರಿನಲ್ಲಿ ಬ್ಲೆಚ್‌ಲಿಯ ಶಾಖೆಯೊಂದು ಕೆಲಸ ಮಾಡುತ್ತಿತ್ತು. ಬರ್ಮಾ ರಣರಂಗದ ಜಪಾನೀ ಸಂದೇಶಗಳನ್ನು ಅಲ್ಲಿ ಓದುತ್ತಿದ್ದರು. ಕೇಂಬ್ರಿಜ್ಜಿನಲ್ಲಿ ಪ್ರಾಚೀನ ಭಾಷೆಗಳನ್ನು ಓದುತ್ತಿದ್ದು, ಬೆಡ್‌ಫರ್ಡಿನ ತರಗತಿಯಿಂದ ಈ ಗುಡ್ಡಕ್ಕೆ ಬಂದ ಅಲನ್ ಸ್ಟ್ರಿಪ್ ತನ್ನ ಅನುಭವಗಳನ್ನು 1989ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಈ ಕೇಂದ್ರಕ್ಕೆ ಎರಡು ಉಪಕೇಂದ್ರಗಳಿದ್ದವು. ಪೂರ್ವದ್ದು ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ, ಪಶ್ಚಿಮದ್ದು ಬೆಂಗಳೂರಿನಲ್ಲಿ.